ರಿಪೇರಿ ಆಯಿತು, ಕಾಗದ ಎಲ್ಲಿ?

ಮಲೆನಾಡಿನಲ್ಲಿ ಒಂದು ಹಳೆಯ ಕಟ್ಟಡ ಇವತ್ತಿಗೂ ನಿಂತಿದೆ ಅಂದರೆ ಅದನ್ನು ಯಾರೋ ಹತ್ತಾರು ಸಲ ರಿಪೇರಿ ಮಾಡಿದ್ದಾರೆ ಅಂತಲೇ ಅರ್ಥ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಲ್ಲ ಊರಲ್ಲೂ ಅಷ್ಟಿಲ್ಲದಿದ್ದರೂ ಕಲ್ಲು ಪಾಚಿಗಟ್ಟಲು, ಮರ ಲಡ್ಡಾಗಲು ಬೇಕಾದಷ್ಟಂತೂ ಬರುತ್ತದೆ. ಹೆಂಚು ಬದಲಾಗುತ್ತದೆ, ರೀಪು ಬದಲಾಗುತ್ತದೆ, ಗೋಡೆಯ ಗಾರೆ ಉದುರುತ್ತದೆ, ಮತ್ತೆ ಮೆತ್ತುತ್ತಾರೆ. ಕೆಳದಿ, ಇಕ್ಕೇರಿ, ಬಳ್ಳಿಗಾವಿ, ಹುಂಚ, ಕವಲೇದುರ್ಗ, ನಗರ ಅನ್ನುವ ಊರಿನ ಕೋಟೆ, ಯಾವುದೂ ಕಟ್ಟಿದ ದಿನ ಇದ್ದ ಹಾಗೆ ಇಲ್ಲ. ಇರಲೂ ಬೇಕಿಲ್ಲ ಬಿಡಿ.

ಆದರೆ ಕಳೆದ ಸಲ ಕೈ ಹಾಕಿದಾಗ ಏನು ಮಾಡಿದರು? ಯಾವ ಕಲ್ಲು ತೆಗೆದರು, ಯಾವುದನ್ನು ಹೊಸದಾಗಿ ಕೂರಿಸಿದರು, ಗಾರೆಗೆ ಏನೇನು ಕಲಸಿದರು, ಮಾಡಿನ ನೀರನ್ನು ಎಲ್ಲಿಗೆ ತಿರುಗಿಸಿದರು? ಇದನ್ನು ಬರೆದಿಟ್ಟ ಕಾಗದ ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ. ನನಗೆ ಸಿಕ್ಕ ಉತ್ತರ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ: "ಆಗಿನ ಇಂಜಿನಿಯರ್‌ಗೆ ಗೊತ್ತಿತ್ತು ಸಾರ್, ಅವರು ರಿಟೈರ್ ಆದ್ರು."

ಇದನ್ನು ಈಗ ಕೇಳುವುದಕ್ಕೆ ಕಾರಣ ಇದೆ. ಹಳೆಯ ಕಾಗದದ ಮೇಲೆ ಸರ್ಕಾರಗಳಿಗೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿರುವ ಕಾಲ ಇದು. 2025-26ರ ಕೇಂದ್ರ ಬಜೆಟ್ಟಿನಲ್ಲಿ 'ಜ್ಞಾನ ಭಾರತಂ' ಯೋಜನೆ ಘೋಷಣೆಯಾಯಿತು. ದೇಶದ 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆ ಅದರ ಗುರಿ. 2003ರಿಂದ ನಡೆದುಬಂದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಮುಂದುವರಿದ ರೂಪ ಇದು. ಇತ್ತ ರಾಜ್ಯದಲ್ಲಿ 'ಭೂ ಸುರಕ್ಷಾ' ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಭೂದಾಖಲೆಗಳ ಸ್ಕ್ಯಾನಿಂಗ್ ನಡೆಯುತ್ತಿದೆ. ತಾಳೆಗರಿಗೆ ಗೌರವ ಇದೆ, ಪಹಣಿಗೆ ಬೆಲೆ ಇದೆ. ಇವೆರಡರ ನಡುವೆ ರಿಪೇರಿಯ ಕಾಗದ ಯಾವ ಪಟ್ಟಿಯಲ್ಲೂ ಇಲ್ಲ.

ಇದು ಎಂಥ ಕಾಗದ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಸರ್ಕಾರಿ ದುರಸ್ತಿ ಕೆಲಸ ನಡೆದರೆ ಅಂದಾಜು ಪಟ್ಟಿ ಇರುತ್ತದೆ, ಟೆಂಡರ್ ಇರುತ್ತದೆ, ಬಿಲ್ ಇರುತ್ತದೆ. ಇವುಗಳ ಜೊತೆ ಎಂ.ಬಿ. ಪುಸ್ತಕ ಇರುತ್ತದೆ, ಅಂದರೆ ಅಳತೆ ಪುಸ್ತಕ. ಅದನ್ನು ತೆರೆದರೆ ಉದ್ದ, ಅಗಲ, ಎತ್ತರ, ಒಟ್ಟು ಅಂತ ಕಾಲಂಗಳು. ಸಂದು ತುಂಬಿದ್ದು ಇಷ್ಟು ಚದರ ಮೀಟರ್, ಹಳೇ ಗಾರೆ ಕೆತ್ತಿ ತೆಗೆದದ್ದು ಇಷ್ಟು, ಹೊಸ ಕಲ್ಲು ಕೂರಿಸಿದ್ದು ಇಷ್ಟು. ಗುತ್ತಿಗೆದಾರರಿಗೆ ದುಡ್ಡು ಕೊಡಲು ಇಷ್ಟು ಸಾಕು. ಐವತ್ತು ವರ್ಷ ಬಿಟ್ಟು ಅದೇ ಗೋಡೆಯ ಮುಂದೆ ನಿಲ್ಲುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಯಾವ ಗೋಡೆಯ ಯಾವ ಮೂಲೆ? ಕೆತ್ತಿ ತೆಗೆದ ಹಳೆಯ ಗಾರೆ ಸುಣ್ಣದ್ದೋ, ಅದಕ್ಕೂ ಮೊದಲು ಯಾರೋ ಮೆತ್ತಿದ ಸಿಮೆಂಟೋ? ಎಂ.ಬಿ. ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಗಾರೆಯ ವಿಷಯ ಸಣ್ಣದಲ್ಲ. ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಸುಣ್ಣವನ್ನು ನೀರಲ್ಲಿ ಅರಳಿಸಿ, ದಿನಗಟ್ಟಲೆ ಬಿಟ್ಟು, ಮರಳು ಸೇರಿಸಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವುದೂ ಇತ್ತು. ಇಂಥ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಸಂದಿನ ಮೂಲಕ ಹೊರಗೆ ಬರಲು ಆಗುವುದಿಲ್ಲ. ಕಲ್ಲಿನ ಮೂಲಕವೇ ಬರುತ್ತದೆ. ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಆ ಉಪ್ಪು ಕಲ್ಲಿನ ಮೇಲ್ಮೈಯಲ್ಲಿ ಹರಳುಗಟ್ಟಿ ಪದರ ಪದರವಾಗಿ ಕಲ್ಲನ್ನೇ ಉದುರಿಸುತ್ತದೆ. ನಮ್ಮ ಕಡೆಯ ಜಂಬಿಟ್ಟಿಗೆಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಸಿಮೆಂಟಿನ ಗೆರೆ ಗಟ್ಟಿಯಾಗಿ ಮುಂದೆ ಚಾಚಿಕೊಂಡಿರುತ್ತದೆ, ಕಲ್ಲು ಒಳಗೆ ಕರಗಿ ಗುಳಿ ಬಿದ್ದಿರುತ್ತದೆ. ಹಳೇ ಕೋಟೆ ಗೋಡೆಯ ಹತ್ತಿರ ಹೋದವರು ಕಣ್ಣು ಹಾಯಿಸಿದರೆ ಕಾಣುತ್ತದೆ.

ಬಳ್ಳಿಗಾವಿಯ ಕೇದಾರೇಶ್ವರ ಬಳಪದ ಕಲ್ಲಿನದು. ಆ ಕಲ್ಲು ಬೇರೆ, ಅದರ ತೊಂದರೆ ಬೇರೆ, ಅದಕ್ಕೆ ಬೇಕಾದ ಮದ್ದೂ ಬೇರೆ. ಹಾಗಿರುವಾಗ ಮೊದಲಿನವರು ಎಲ್ಲಿ ಏನು ಹಾಕಿದರು ಅಂತ ತಿಳಿಯದೆ ಹೊಸ ಅಂದಾಜು ಪಟ್ಟಿ ಮಾಡುವುದು ಹೇಗೆ? ತೋಟದಲ್ಲಿ ಅಜ್ಜ ಪೈಪನ್ನು ಎಲ್ಲಿ ಹುಗಿಸಿದ್ದರು ಅಂತ ಗೊತ್ತಿಲ್ಲದೆ ಹಾರೆ ಹಿಡಿದು ಊಹೆಯ ಮೇಲೆ ಅಗೆಯುವ ಹಾಗೆ. ಪೈಪ್ ಸಿಗುವುದರೊಳಗೆ ಎರಡು ಮರದ ಬೇರು ಹೋಗಿರುತ್ತದೆ.

ಇದು ಹೊಸ ಯೋಚನೆ ಏನಲ್ಲ. 1964ರಲ್ಲಿ ಇಟಲಿಯ ವೆನಿಸ್ಸಿನಲ್ಲಿ ಸ್ಮಾರಕ ತಜ್ಞರು ಒಂದು ಸನ್ನದು ಒಪ್ಪಿದರು. ಅದರ ಕೊನೆಯ ವಿಧಿ, 16ನೆಯದು, ಪೂರ್ತಿ ಇದರ ಮೇಲೇ ಇದೆ. ಸಂರಕ್ಷಣೆಯ ಪ್ರತಿ ಹಂತವನ್ನೂ ಚಿತ್ರ, ಫೋಟೊ ಸಮೇತ ದಾಖಲಿಸಬೇಕು. ಆ ದಾಖಲೆಯನ್ನು ಒಂದು ಸಾರ್ವಜನಿಕ ಸಂಸ್ಥೆಯ ಸಂಗ್ರಹದಲ್ಲಿ ಇಡಬೇಕು. ಅಧ್ಯಯನ ಮಾಡುವವರಿಗೆ ಅದು ಸಿಗಬೇಕು. ಅಚ್ಚು ಹಾಕಿಸಿದರೆ ಇನ್ನೂ ಒಳ್ಳೆಯದು. ಇಷ್ಟೇ. ನಮ್ಮಲ್ಲಿ ಹೆಚ್ಚೆಂದರೆ ಮೊದಲನೆಯದು ಅರ್ಧ ಆಗುತ್ತದೆ. ಫೋಟೊ ತೆಗೆಯುತ್ತಾರೆ, ಬಿಲ್ಲಿನ ಜೊತೆ ಲಗತ್ತಿಸುತ್ತಾರೆ. ಸಾರ್ವಜನಿಕ ಸಂಗ್ರಹದವರೆಗೆ ಅದು ಹೋಗುವುದೇ ಇಲ್ಲ.

ಹಾಗಂತ ಮಲೆನಾಡಿಗೆ ಕಾಗದ ಇಡುವ ಅಭ್ಯಾಸ ಇರಲಿಲ್ಲ ಅಂದುಕೊಳ್ಳಬೇಡಿ. ಈ ಮಳೆಯ ನಾಡಿನಲ್ಲೇ ಅದಕ್ಕೆ ಅದ್ಭುತ ಉದಾಹರಣೆಗಳಿವೆ.

ಶೃಂಗೇರಿಯದನ್ನು ನೋಡಿ. 1791ರಲ್ಲಿ ಮರಾಠಾ ಸೈನ್ಯದ ಜೊತೆ ಬಂದ ದಾಳಿಕೋರರು ಮಠವನ್ನು ಲೂಟಿ ಮಾಡಿದರು. ಶಾರದೆಯ ಮೂರ್ತಿಯನ್ನೂ ಸ್ಥಾನದಿಂದ ಕಿತ್ತರು. ಆಗಿನ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಪತ್ರ ಬರೆದರು. ಟಿಪ್ಪು ಉತ್ತರ ಬರೆದ, ಕನ್ನಡದಲ್ಲೇ. ಮತ್ತೆ ಪ್ರತಿಷ್ಠೆ ಮಾಡಲು 200 ರಹತಿ (ಆಗಿನ ನಾಣ್ಯ) ನಗದು ಮತ್ತು ಇತರ ಸಾಮಗ್ರಿ ಕೊಡುವಂತೆ ಬಿದನೂರಿನ ಅಸಫನಿಗೆ, ಅಂದರೆ ಇಂದು ನಗರ ಅಂತ ಕರೆಯುವ ಆ ಊರಿನಲ್ಲಿದ್ದ ಅಧಿಕಾರಿಗೆ, ಆದೇಶ ಹೋಯಿತು. ಈ ಪತ್ರಗಳ ಕಟ್ಟು ಮಠದಲ್ಲೇ ಉಳಿದಿತ್ತು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅದನ್ನು ಬೆಳಕಿಗೆ ತಂದರು. ಈ ಪತ್ರಗಳ ಮೇಲೆ ನಡೆಯುವ ರಾಜಕೀಯದ ಜಗಳ ನಿಮಗೆ ಗೊತ್ತೇ ಇದೆ, ಅದು ಇಲ್ಲಿ ಬೇಡ. ನನಗೆ ಬೇಕಾದದ್ದು ಇಷ್ಟು: ಹಾನಿಯಾದ ಒಂದು ದೇವಸ್ಥಾನವನ್ನು ಮತ್ತೆ ನಿಲ್ಲಿಸಿದ್ದು ಯಾವಾಗ, ಯಾರ ದುಡ್ಡಿನಲ್ಲಿ, ಯಾರ ಕೈಯಿಂದ ಅಂತ 125 ವರ್ಷ ಬಿಟ್ಟು ಓದಲು ಸಾಧ್ಯವಾಯಿತು. ಅದೇ ರಿಪೇರಿಯ ಕಾಗದ. ಮಠದವರು ಎಸೆಯಲಿಲ್ಲ, ಇಲಾಖೆಯವರು ಹೋಗಿ ಓದಿದರು, ವಾರ್ಷಿಕ ವರದಿಯಲ್ಲಿ ಅಚ್ಚಾಯಿತು. ಮೂರೂ ಆದದ್ದರಿಂದ ಉಳಿಯಿತು.

ಶೃಂಗೇರಿಯ ಕಡತಗಳೂ ಹಾಗೇ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು, ಒಣಗಿಸಿ ಕಪ್ಪು ಹಲಗೆಯ ಹಾಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಳಿಸಿಹೋಗುವ ಬರಹ. ಮೂಲೆಮೂಲೆಯಲ್ಲೂ ತೇವ ಇರುವ ಊರಿನಲ್ಲಿ ಅಂಥದ್ದು ನೂರಾರು ವರ್ಷ ಉಳಿದಿದೆ ಅಂದರೆ ಯಾರೋ ನಿಗಾ ಇಟ್ಟಿದ್ದಾರೆ. ಕೆಳದಿ ಅರಸರಿಗೂ ಮಠಕ್ಕೂ ಇದ್ದ ಕೊಡು-ಕೊಳ್ಳುವಿಕೆಯ ಎಷ್ಟೋ ವಿವರ ಇವುಗಳಿಂದಲೇ ನಮಗೆ ಗೊತ್ತಾಗಿದ್ದು.

ಇನ್ನೊಂದು ಉದಾಹರಣೆ ಶಾಸನ ತಜ್ಞ ಬಿ.ಎಲ್. ರೈಸ್ ಅವರದ್ದು. 'ಎಪಿಗ್ರಾಫಿಯ ಕರ್ನಾಟಿಕ' ಮಾಲೆಯ 12 ಸಂಪುಟಗಳಲ್ಲಿ ಅವರು 9,000ದ ಹತ್ತಿರ ಶಾಸನಗಳನ್ನು ಕೊಟ್ಟರು. ಶಿವಮೊಗ್ಗ ಜಿಲ್ಲೆಗೆ 7 ಮತ್ತು 8ನೇ ಸಂಪುಟ, 1902 ಮತ್ತು 1904ರಲ್ಲಿ ಬಂದವು. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಶಾಸನ, ಮಯೂರಶರ್ಮನ ಕತೆ ಹೇಳುವಂಥದ್ದು, 'ಶಿಕಾರಿಪುರ 176'. ಇವತ್ತಿಗೂ ಸಂಶೋಧಕರು ಅದನ್ನು ಗುರುತಿಸುವುದು ಆ ಸಂಖ್ಯೆಯಿಂದಲೇ. ರಸ್ತೆ ಅಗಲ ಮಾಡುವಾಗ ಒಂದು ಕಲ್ಲು ಮಣ್ಣಿನಡಿ ಹೋದರೂ, ಯಾರೋ ಅದನ್ನು ಕಾಲುವೆಗೆ ಅಡ್ಡ ಹಾಕಿದರೂ, ಓದು ಪುಸ್ತಕದಲ್ಲಿ ಇದೆ. ಹೋದದ್ದು ಏನು ಅಂತ ಹೇಳಲಾದರೂ ಬರುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ಆ ಸಂಪುಟಗಳು ಕಲ್ಲಿನ ಮೇಲಿನ ಅಕ್ಷರವನ್ನು ಕಾಪಾಡಿದವು, ಕಲ್ಲಿನ ಸ್ಥಿತಿಯನ್ನು ಅಲ್ಲ. ಆಗ ಎಷ್ಟು ಸವೆದಿತ್ತು, ಬಿರುಕು ಎಲ್ಲಿತ್ತು ಅಂತ ತಿಳಿಯಲು ಪಡಿಯಚ್ಚುಗಳು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚು), ಹಳೆಯ ಗಾಜಿನ ನೆಗೆಟಿವ್‌ಗಳು ಬೇಕು. ಅವನ್ನು ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿ ಜನರ ಕೈಗೆ ಸಿಗುವಂತೆ ಮಾಡಿದರೆ ಒಂದು ಶತಮಾನದಲ್ಲಿ ಶಿವಮೊಗ್ಗದ ಮಳೆ ಒಂದು ಕಲ್ಲಿಗೆ ಏನು ಮಾಡಿದೆ ಅಂತ ಅಳೆದೇ ನೋಡಬಹುದು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಆ ಭಾಗದ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುತ್ತಿದ್ದಾರೆ. ಕಲ್ಲಿನ ಇವತ್ತಿನ ಸ್ಥಿತಿಯೇ ಅಲ್ಲಿ ದಾಖಲಾಗುತ್ತದೆ. ಶಾಸನಗಳ ಲೆಕ್ಕದಲ್ಲಿ ಶಿಕಾರಿಪುರ, ಸೊರಬ ಬೆಂಗಳೂರಿಗಿಂತ ಬಡವರೇನಲ್ಲ, ಅಲ್ವಾ?

ಈಗ ತಾಳೆಗರಿಗೆ ಬರೋಣ. ಹೊಸ ಯೋಜನೆಯ ದುಡ್ಡು ಅಲ್ಲಿಗೇ ಹರಿಯುವುದು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೆಯ ಮನೆಗಳಲ್ಲಿ ತಾಳೆಗರಿಯ ಕಟ್ಟುಗಳು ಇನ್ನೂ ಇವೆ. ಕೆಲವು ತಿಗಳಾರಿ ಲಿಪಿಯವು. ಓದಬಲ್ಲವರು ಕಡಿಮೆ, ಹಾಗಾಗಿ ಪೂಜೆಗೆ ಇಟ್ಟಿರುತ್ತಾರೆ. ಹಿಂದೆ ಅಡುಗೆಮನೆಯ ಹೊಗೆ ತಾಗುವ ಅಟ್ಟದ ಮೇಲೆ ಇಡುತ್ತಿದ್ದರು. ಹೊಗೆಗೆ ಹುಳ ಬರುತ್ತಿರಲಿಲ್ಲ, ತೇವ ನಿಲ್ಲುತ್ತಿರಲಿಲ್ಲ. ಮನೆಗೆ ಗ್ಯಾಸ್ ಬಂತು, ಹೊಗೆ ಹೋಯಿತು, ಕಟ್ಟು ಕಬ್ಬಿಣದ ಬೀರು ಸೇರಿತು. ಬೀರುವಿನೊಳಗೆ ಗಾಳಿ ಆಡುವುದಿಲ್ಲ. ಗಾಳಿಯ ತೇವ ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಶುರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ.

ಇಂಥ ಕಟ್ಟು ಒಂದು ಸಂರಕ್ಷಣಾ ಕೇಂದ್ರಕ್ಕೆ ಬಂದರೆ ಏನು ನಡೆಯುತ್ತದೆ? ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆಯುತ್ತಾರೆ. ಅಂಟಿಕೊಂಡ ಗರಿಗಳನ್ನು ನಿಧಾನಕ್ಕೆ ಬಿಡಿಸುತ್ತಾರೆ. ಕೊರೆದ ಅಕ್ಷರ ಮಾಸಿದ್ದರೆ ಕಾಡಿಗೆಯ ಮಸಿ ತೀಡಿ ಒರೆಸುತ್ತಾರೆ. ಗೀರಿನೊಳಗೆ ಮಸಿ ಉಳಿದು ಅಕ್ಷರ ಎದ್ದು ಕಾಣುತ್ತದೆ. ಒಣಗಿ ಮುರಿಯುವಂತಾದ ಗರಿಗೆ ನಿಂಬೆಹುಲ್ಲಿನ ಎಣ್ಣೆಯಂಥದ್ದನ್ನು ತೆಳ್ಳಗೆ ಸವರುತ್ತಾರೆ. ಅದು ಗರಿಯನ್ನು ಮೆತ್ತಗೆ ಮಾಡುತ್ತದೆ, ಹುಳವನ್ನೂ ದೂರ ಇಡುತ್ತದೆ. ಆಮೇಲೆ ಮೇಲೊಂದು ಕೆಳಗೊಂದು ಮರದ ಪಟ್ಟಿ, ತೂತಿನಲ್ಲಿ ದಾರ, ಸುತ್ತ ಬಟ್ಟೆ.

ನೋಡಲು ಚೆಂದ. ಆದರೆ ಎಣ್ಣೆ ಸವರಿದ ದಿನ ಯಾವುದು, ಯಾವ ಎಣ್ಣೆ, ಅಂತ ಆ ಕಟ್ಟಿನ ಜೊತೆ ಬರೆದಿಡದೇ ಹೋದರೆ? ಮುಂದಿನವರು ಬಂದು ಮತ್ತೆ ಸವರುತ್ತಾರೆ. ಅವರ ಮುಂದಿನವರು ಮತ್ತೆ. ಎಣ್ಣೆ ಜಾಸ್ತಿಯಾದರೆ ಗರಿ ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಸ್ಕ್ಯಾನಿಂಗ್‌ನಲ್ಲಿ ಅಕ್ಷರ ಬರುವುದಿಲ್ಲ. ಪ್ರೀತಿಯಿಂದಲೇ ಹಾಳು ಮಾಡಿದ ಹಾಗೆ.

ಕಾಗದದ ಕತೆ ಇನ್ನೂ ಕಷ್ಟ. ಕಳೆದ ಶತಮಾನದ ನಡುವಿನಲ್ಲಿ ನಮ್ಮ ದೇಶದ ದೊಡ್ಡ ದಾಖಲೆ ಸಂಗ್ರಹಗಳಲ್ಲಿ ಹರಿದ ಹಾಳೆಗಳ ಎರಡೂ ಬದಿಗೆ ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ ಪೊರೆ ಹಚ್ಚಿ ಲ್ಯಾಮಿನೇಟ್ ಮಾಡುವುದು ಒಳ್ಳೆಯ ವಿಧಾನ ಅನ್ನಿಸಿಕೊಂಡಿತ್ತು. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಯಂತ್ರ ಇಲ್ಲದೆ ಅಸಿಟೋನ್ ಬಳಸಿ ಕೈಯಲ್ಲೇ ಮಾಡುವ ಉಪಾಯವನ್ನೂ ಕಂಡುಹಿಡಿದರು. ಎಷ್ಟೋ ವರ್ಷ ಆದಮೇಲೆ ಆ ಪೊರೆಯೇ ಕೆಟ್ಟು ಹುಳಿ ಬಿಡುತ್ತದೆ, ಒಳಗಿನ ಹಾಳೆ ಹಳದಿಯಾಗಿ ಸೆಟೆಯುತ್ತದೆ ಅಂತ ಗೊತ್ತಾಯಿತು. ಈಗ ಅದನ್ನು ಬಿಡಿಸಬೇಕು. ಬಿಡಿಸಲು ಮೊದಲು ಹಚ್ಚಿದ್ದು ಏನು ಅಂತ ತಿಳಿಯಬೇಕು. ಅಸಿಟೇಟೋ, ಗಂಜಿ ಹಚ್ಚಿದ ಶಿಫಾನ್ ಬಟ್ಟೆಯೋ? ಒಂದಕ್ಕೆ ಅಸಿಟೋನ್ ಬೇಕು, ಇನ್ನೊಂದಕ್ಕೆ ನೀರು ಸಾಕು. ತಪ್ಪಿದರೆ ಶಾಯಿ ಹೋಗುತ್ತದೆ. ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿದ್ದರೆ ಈ ತಲೆಬಿಸಿ ಇರುತ್ತಿರಲಿಲ್ಲ. ಹಳೇ ಗ್ರಂಥಾಲಯಗಳಲ್ಲಿ ಹುಳಕ್ಕೆ ಡಿಡಿಟಿ ಪುಡಿ ಉದುರಿಸಿದ ಕಾಲವೂ ಇತ್ತು. ಯಾವ ಕಪಾಟಿಗೆ ಉದುರಿಸಿದರು ಅಂತ ಬರೆದಿಟ್ಟಿದ್ದರೆ ಇವತ್ತು ಆ ಪುಸ್ತಕ ತೆರೆಯುವವರು ಮಾಸ್ಕ್ ಹಾಕಿಕೊಳ್ಳುತ್ತಿದ್ದರು. ಇನ್ನು ಮನೆಗಳಲ್ಲಿ ಅಜ್ಜನ ಕಾಲದ ಪತ್ರಕ್ಕೆ ಸೆಲ್ಲೋ ಟೇಪ್ ಅಂಟಿಸುವವರ ಬಗ್ಗೆ ಏನು ಹೇಳುವುದು!

ಹಾಗಾಗಿ ಈಗಿನ ಯೋಜನೆಗಳ ಬಗ್ಗೆ ನನ್ನ ತಕರಾರು ಹೀಗಿದೆ. ಸ್ಕ್ಯಾನ್ ಮಾಡುವುದು ಒಳ್ಳೆಯದೇ. ಆದರೆ ಎಷ್ಟು ಪುಟ ಸ್ಕ್ಯಾನ್ ಆಯಿತು ಅನ್ನುವ ಲೆಕ್ಕ ಎಲ್ಲರಿಗೂ ಬೇಕು. ಸ್ಕ್ಯಾನ್ ಮಾಡುವ ಮೊದಲು ಆ ಕಟ್ಟಿಗೆ ಏನು ಚಿಕಿತ್ಸೆ ಮಾಡಿದರು, ಯಾರು ಮಾಡಿದರು, ಎಷ್ಟು ಗರಿ ಮುರಿದಿತ್ತು ಅನ್ನುವುದನ್ನು ಕೇಳುವವರು ಯಾರು? ಸ್ಕ್ಯಾನ್ ಪ್ರತಿ ಸರ್ವರಿಗೆ ಹೋಗುತ್ತದೆ, ಗರಿ ಮನೆಗೋ ಮಠಕ್ಕೋ ವಾಪಸ್ ಬರುತ್ತದೆ, ಚಿಕಿತ್ಸೆಯ ಟಿಪ್ಪಣಿ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ಮೂರನ್ನೂ ಒಂದೇ ಸಂಖ್ಯೆಯಲ್ಲಿ ಕಟ್ಟದಿದ್ದರೆ ಹತ್ತು ವರ್ಷದಲ್ಲಿ ಯಾವುದು ಯಾವುದರದ್ದು ಅಂತ ಹೇಳುವವರು ಇರುವುದಿಲ್ಲ. ರೈಸ್ ಅವರು 1902ರಲ್ಲೇ ಮಾಡಿ ತೋರಿಸಿದ ಕೆಲಸ ಇದು.

ಶಿವಮೊಗ್ಗ ಜಿಲ್ಲೆಯಲ್ಲಿ ಇದಕ್ಕೆ ಜಾಗ ಇಲ್ಲ ಅನ್ನುವ ಹಾಗೂ ಇಲ್ಲ. ಕೆಳದಿಯ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನಾ ಕೇಂದ್ರ ಇದೆ. 2024ರಲ್ಲಿ ತೀರಿಕೊಂಡ ಕೆಳದಿ ಗುಂಡಾ ಜೋಯಿಸರು ಹಳ್ಳಿಯಲ್ಲಿ ಕೂತು ಕಟ್ಟಿ ಬೆಳೆಸಿದ್ದು ಅದು. ತಾಳೆಗರಿ, ಕಾಗದದ ಹಸ್ತಪ್ರತಿ, ನಾಣ್ಯ, ಆಯುಧ ಎಲ್ಲ ಅಲ್ಲಿ ಸೇರಿದವು. ತಿಗಳಾರಿಯ ಕಟ್ಟುಗಳೂ ಇವೆ. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಆಡಳಿತದಲ್ಲಿದೆ. ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯ ಇದೆ. ಶಿವಮೊಗ್ಗ ಊರಿನಲ್ಲಿ ಶಿವಪ್ಪ ನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಹುಂಚದ ಜೈನ ಮಠದಲ್ಲಿ ಅದರದೇ ಗ್ರಂಥ ಸಂಗ್ರಹ ಇದೆ. ಹೆಗ್ಗೋಡಿನ ನೀನಾಸಂ 1949ರಿಂದ ನಡೆಯುತ್ತಿದೆ, ಒಂದು ಹಳ್ಳಿಯ ಸಂಸ್ಥೆ ದಶಕಗಟ್ಟಲೆ ತನ್ನ ಸಂಗ್ರಹ ಉಳಿಸಿಕೊಳ್ಳಬಲ್ಲದು ಅನ್ನುವುದಕ್ಕೆ ಸಾಕ್ಷಿ. ರಾಜ್ಯ ಪತ್ರಾಗಾರ ಇಲಾಖೆಯ ಕಚೇರಿಗಳು ಮಾತ್ರ ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿ ಕಡೆ. ಸಾಗರದವರು ಒಂದು ಕಾಗದ ನೋಡಲು ರಾತ್ರಿ ಬಸ್ ಹತ್ತಬೇಕು.

ಇಷ್ಟೆಲ್ಲ ಇದ್ದೂ ರಿಪೇರಿಯ ಕಾಗದ ಯಾಕೆ ಉಳಿಯುವುದಿಲ್ಲ? ಒಂದು ಕಾರಣ ಕಚೇರಿಯ ನಿಯಮದಲ್ಲೇ ಇದೆ. ಸರ್ಕಾರಿ ಕಡತಕ್ಕೆ ಮುಚ್ಚುವಾಗ ಎ, ಬಿ, ಸಿ ಅಂತ ವರ್ಗ ಹಾಕುತ್ತಾರೆ. 'ಎ' ಅಂದರೆ ಶಾಶ್ವತ. ಕೆಳಗಿನ ವರ್ಗಗಳಿಗೆ ಇಷ್ಟು ವರ್ಷ ಅಂತ ಗಡುವು, ಆಮೇಲೆ ನಾಶ. ದುರಸ್ತಿ ಅಂದರೆ ಮಾಮೂಲಿ ಖರ್ಚು ಅನ್ನುವ ಲೆಕ್ಕ. ಬಿಲ್ ಪಾಸಾಗಿ ಆಡಿಟ್ ಮುಗಿದ ಮೇಲೆ ಆ ಕಡತ ಯಾರಿಗೆ ಬೇಕು? ರೂಮು ಖಾಲಿ ಮಾಡುವ ದಿನ ಮೊದಲು ಹೋಗುವುದು ಅದೇ. ಒಂದು ಕಚೇರಿಯಲ್ಲಿ ನಾನು ಹಳೆಯ ದುರಸ್ತಿ ಕಡತ ಕೇಳಿದಾಗ ಗುಮಾಸ್ತರು ನಿಜವಾಗಿಯೂ ಬೇಸರದಿಂದ ಹೇಳಿದರು: "ಇಟ್ಕೊಂಡ್ರೆ ಜಾಗ ಇಲ್ಲ ಅಂತಾರೆ, ಎಸೆದ್ರೆ ನಿಮ್ಮಂಥೋರು ಬರ್ತೀರಿ." ಅವರದು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ಕಾನೂನಿಗೇನೂ ಬರ ಇಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಮು ದಾಖಲೆಗಳನ್ನು ಪಟ್ಟಿ, ಸೂಚಿ ಮಾಡಿ ಇಡಬೇಕು ಅನ್ನುತ್ತದೆ. ರಾಜ್ಯದಲ್ಲಿ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಇದೆ. ಸ್ಮಾರಕದ ದುರಸ್ತಿ ಕಡತ 'ಎ' ವರ್ಗ ಅಂತ ಒಂದು ಸುತ್ತೋಲೆ ಹೊರಡಿಸಿದರೆ ಅರ್ಧ ಕೆಲಸ ಆಗುತ್ತದೆ. ಅದಕ್ಕೆ ಹೊಸ ಕಾಯ್ದೆ ಬೇಡ, ದುಡ್ಡೂ ಬೇಡ.

ಸಂರಕ್ಷಿತ ಸ್ಮಾರಕಗಳಿಗಾದರೂ ಒಂದು ಇಲಾಖೆ ಇದೆ. ಅದರ ಹೊರಗೆ ನಡೆಯುವುದು ಇನ್ನೂ ದೊಡ್ಡದು. ಮಲೆನಾಡಿನಲ್ಲಿ ಈಗ ಊರೂರಲ್ಲೂ ದೇವಸ್ಥಾನದ ಜೀರ್ಣೋದ್ಧಾರ. ಮಣ್ಣಿನ ಗೋಡೆ, ಮರದ ಕಂಬ, ಹೆಂಚಿನ ಮಾಡಿನ ಗುಡಿ ಬಿಚ್ಚಿ ಶಿಲಾಮಯ ಗುಡಿ ಕಟ್ಟುತ್ತಾರೆ. ಊರವರ ಭಕ್ತಿ, ಊರವರ ದುಡ್ಡು, ಅದನ್ನು ಬೇಡ ಅನ್ನಲು ನಾವ್ಯಾರು. ಆದರೆ ಕೆಲಸ ಮುಗಿದು ಬ್ರಹ್ಮಕಲಶ ಆದಮೇಲೆ ಒಂದು ಸ್ಮರಣ ಸಂಚಿಕೆ ಬರುತ್ತದೆ. ಅದನ್ನು ತಿರುವಿ ಹಾಕಿ. ಮೊದಲು ಶುಭಾಶಯ ಸಂದೇಶಗಳು, ಜನಪ್ರತಿನಿಧಿಗಳ ಫೋಟೊ, ಜಾಹೀರಾತು, ಆಮೇಲೆ ದಾನಿಗಳ ಪಟ್ಟಿ, ಸ್ಥಳಪುರಾಣ. ಬಿಚ್ಚುವ ಮೊದಲು ಗುಡಿ ಹೇಗಿತ್ತು ಅನ್ನುವ ಒಂದು ಫೋಟೊ ಇದ್ದರೆ ನಿಮ್ಮ ಅದೃಷ್ಟ. ಅಳತೆಯ ನಕ್ಷೆ? ಕೇಳಲೇಬೇಡಿ. ಆದರೂ ಆ ಸಂಚಿಕೆಯೇ ಆ ಗುಡಿಯ ಏಕೈಕ ಲಿಖಿತ ದಾಖಲೆ ಆಗಿರುತ್ತದೆ. ಅದನ್ನು ಯಾವ ಗ್ರಂಥಾಲಯ ಕೊಳ್ಳುತ್ತದೆ? ಐಎಸ್‌ಬಿಎನ್ ಇಲ್ಲ, ಬೆಲೆ ಇಲ್ಲ, ಹಾಗಾಗಿ ಪುಸ್ತಕ ಆಯ್ಕೆ ಸಮಿತಿಯ ಕಣ್ಣಿಗೆ ಅದು ಪುಸ್ತಕವೇ ಅಲ್ಲ. ನಾಲ್ಕು ವರ್ಷ ಬಿಟ್ಟರೆ ಅದು ಸಮಿತಿ ಅಧ್ಯಕ್ಷರ ಮನೆಯ ನಾಗಂದಿಗೆಯ ಮೇಲೆ ಒರಲೆಗೆ ಆಹಾರ.

ಕಟ್ಟಡಕ್ಕೆ ಸೇರದ ವಿದ್ಯೆಗಳ ಕತೆಯೂ ಇದೇ. ದೀವರ ಸಮುದಾಯದ ಗೋಡೆಚಿತ್ರವಾದ ಹಸೆ ಚಿತ್ತಾರಕ್ಕೆ ಈಗ ಒಳ್ಳೆಯ ಹೆಸರು ಬಂದಿದೆ, ಚೌಕಟ್ಟು ಹಾಕಿಸಿದ ಚಿತ್ರ ಎಲ್ಲ ಕಡೆ ಸಿಗುತ್ತದೆ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಇದನ್ನು ಬರೆಯುವ ಅಮ್ಮಂದಿರು ಗೋಡೆಯನ್ನು ಮೊದಲು ಹೇಗೆ ಸಾರಿಸಿ ಹದ ಮಾಡುತ್ತಾರೆ, ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಬರೆಯುವಾಗ ಏನು ಬದಲಾಗುತ್ತದೆ, ಗೆರೆ ಎಲ್ಲಿಂದ ಶುರು ಮಾಡುತ್ತಾರೆ, ಇದನ್ನು ಅವರದೇ ಮಾತಿನಲ್ಲಿ ದಾಖಲಿಸಿದ ಧ್ವನಿಮುದ್ರಣ ಊರಿನ ಗ್ರಂಥಾಲಯದಲ್ಲಿ ಕೇಳಲು ಸಿಗಬೇಕು. ಚೌಕಟ್ಟಿನ ಚಿತ್ರ ಆ ಕೆಲಸ ಮಾಡುವುದಿಲ್ಲ.

ಗ್ರಂಥಾಲಯ ಅಂದಾಗ ಒಂದು ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವು ಅರಿವು ಕೇಂದ್ರಗಳು. ಕೆಲವು ಕಡೆ ಕಂಪ್ಯೂಟರ್ ಬಂದಿದೆ, ಮಕ್ಕಳು ಬರುತ್ತಾರೆ. ಅಲ್ಲಿ 'ನಮ್ಮ ಊರು' ಅಂತ ಒಂದೇ ಒಂದು ಕಪಾಟು ಇಟ್ಟರೆ? ಊರಿನ ಗುಡಿಯ ಸ್ಮರಣ ಸಂಚಿಕೆ, ಶಾಲೆಯ ಶತಮಾನೋತ್ಸವದ ಪುಸ್ತಕ, ಕೆರೆ ಹೂಳೆತ್ತಿದ ಕೆಲಸದ ಫೋಟೊ, ಊರಿನ ಶಾಸನದ ಓದು. ಅಲ್ಲಿನ ಮೇಲ್ವಿಚಾರಕರಿಗೆ ಈಗಾಗಲೇ ಕೈತುಂಬ ಕೆಲಸ, ಕೈಗೆ ಬರುವ ಸಂಬಳ ಕಡಿಮೆ. ಹಾಗಾಗಿ ಇದನ್ನೂ ಅವರ ತಲೆಗೆ ಕಟ್ಟಿ ಕೂರುವುದು ನ್ಯಾಯ ಅಲ್ಲ. ಪಟ್ಟಿ ಮಾಡುವ ಕೆಲಸ ಶಂಕರಘಟ್ಟದ ವಿದ್ಯಾರ್ಥಿಗಳಿಗೆ ಕೊಡಬಹುದು. ಇತಿಹಾಸ, ಗ್ರಂಥಾಲಯ ವಿಜ್ಞಾನ ಓದುವವರಿಗೆ ಹೇಗೂ ಪ್ರಾಜೆಕ್ಟ್ ಬೇಕು. ಪ್ರತಿ ವರ್ಷ ಅದೇ ಹಳೇ ವಿಷಯದ ಮೇಲೆ ಬರೆಯುವ ಬದಲು ಒಂದು ಹೋಬಳಿಯ ಕಾಗದ ಪಟ್ಟಿ ಮಾಡಲಿ.

ಮನೆಯಲ್ಲಿ ತಾಳೆಗರಿ ಇದ್ದವರು ಸಮೀಕ್ಷೆಯವರು ಬಂದಾಗ ಸುಮ್ನೆ ಕೊಟ್ಟು ಕಳಿಸಬೇಡಿ, ಹೆದರಿ ಮುಚ್ಚಿಡಲೂ ಬೇಡಿ. ಕಟ್ಟಿಗೆ ಕೊಟ್ಟ ಸಂಖ್ಯೆ ಏನು, ಮೂಲ ಪ್ರತಿ ಮನೆಯಲ್ಲೇ ಉಳಿಯುತ್ತದೆಯೇ, ತೆಗೆದುಕೊಂಡು ಹೋದರೆ ಯಾವಾಗ ವಾಪಸ್, ಏನು ಹಚ್ಚುತ್ತಾರೆ, ಸ್ಕ್ಯಾನ್ ಪ್ರತಿ ನಿಮಗೆ ಸಿಗುತ್ತದೆಯೇ ಅಂತ ಕೇಳಿ ಬರೆಸಿಕೊಳ್ಳಿ. ಕೊಡುವ ಮೊದಲು ಮೊಬೈಲಿನಲ್ಲಿ ಗರಿ ಎಣಿಸಿ ಫೋಟೊ ತೆಗೆದಿಡಿ. ಬಟ್ಟೆಯೊಳಗೆ ದಿನಾಂಕ ಬರೆದ ಒಂದು ಚೀಟಿ ಇಡಿ, ಗರಿಗೆ ತಾಗದ ಹಾಗೆ.

ಸರ್ಕಾರದ ಕಡೆಯಿಂದ ಆಗಬೇಕಾದದ್ದು ಟೆಂಡರಿನಲ್ಲಿ ಒಂದು ಷರತ್ತು. ಕೊನೆಯ ಬಿಲ್ ಪಾಸಾಗುವ ಮೊದಲು ದುರಸ್ತಿ ವರದಿಯ ಮೂರು ಪ್ರತಿ ಕೊಡಬೇಕು. ಮೊದಲಿನ ಮತ್ತು ಆಮೇಲಿನ ಫೋಟೊ, ತೆಗೆದ ಕಲ್ಲುಗಳ ಗುರುತು ಹಾಕಿದ ನಕ್ಷೆ, ಗಾರೆಯ ಪ್ರಮಾಣ, ಕೆಲಸ ಮಾಡಿದ ಮೇಸ್ತ್ರಿಗಳ ಹೆಸರು. ಒಂದು ಪ್ರತಿ ಇಲಾಖೆಗೆ, ಒಂದು ರಾಜ್ಯ ಪತ್ರಾಗಾರಕ್ಕೆ, ಒಂದು ಜಿಲ್ಲೆಯೊಳಗೆ, ಕೆಳದಿಗೋ ಶಂಕರಘಟ್ಟಕ್ಕೋ. ಇದನ್ನು ಒಬ್ಬ ಗುತ್ತಿಗೆದಾರರ ಹತ್ತಿರ ಹೇಳಿದೆ. ಅವರು ನಕ್ಕರು. "ವರದಿ ಬರೆಯೋಕೆ ರೇಟ್ ಎಷ್ಟು ಅಂತ ಅಂದಾಜು ಪಟ್ಟೀಲಿ ಹಾಕ್ಸಿ ಮಾರಾಯ್ರೆ, ನಾವು ಬರ್ಸಿ ಕೊಡ್ತೀವಿ. ರೇಟ್ ಇಲ್ದೇ ಇರೋ ಐಟಂ ಯಾರೂ ಮಾಡಲ್ಲ." ಅವರ ಮಾತಿನಲ್ಲಿ ತಪ್ಪಿಲ್ಲ. ಸಂದು ತುಂಬಲು ಚದರ ಮೀಟರಿಗೆ ದರ ಇರುವ ಹಾಗೆ ದಾಖಲಾತಿಗೂ ದರಪಟ್ಟಿಯಲ್ಲಿ ಒಂದು ಸಾಲು ಬರಬೇಕು. ಮಳೆಗಾಲ ಮುಗಿದ ಕೂಡಲೇ ಮುಂದಿನ ವರ್ಷದ ಅಂದಾಜು ಪಟ್ಟಿಗಳ ತಯಾರಿ ಶುರುವಾಗುತ್ತದೆ. ಸೇರಿಸುವುದಾದರೆ ಆಗಲೇ ಸೇರಿಸಬೇಕು.